ವಾಲಿದ ಬೇಲಿ, ಬರಿದಾಗುವ ಬೆಟ್ಟ

ಮೃಗಶಿರಾ ಮಳೆಯ ಮೊದಲ ಗಾಳಿ ಬೀಸಿ ಹೋದ ಮರುದಿನ ಮಲೆನಾಡಿನ ತೋಟದಂಚಿನಲ್ಲಿ ಕಾಣುವ ನೋಟ ಎಲ್ಲರಿಗೂ ಪರಿಚಿತ. ನಿನ್ನೆಯವರೆಗೆ ನೆಟ್ಟಗಿದ್ದ ಬೇಲಿ ಇಂದು ಒಂದು ಮಗ್ಗುಲಿಗೆ ವಾಲಿದೆ. ನಾಲ್ಕು ಗೂಟ ಬುಡದಲ್ಲೇ ಮುರಿದಿವೆ, ಉಳಿದವು ಅವುಗಳ ಭಾರಕ್ಕೆ ಜೋತುಬಿದ್ದಿವೆ. ಸಂಜೆಯೊಳಗೆ ಯಾರದೋ ದನ ಒಳನುಗ್ಗಿ ಹೊಸದಾಗಿ ನೆಟ್ಟ ಬಾಳೆಯ ಸುಳಿ ತಿಂದಿರುತ್ತದೆ. ರಾತ್ರಿಯೊಳಗೆ ಎರಡು ಮನೆಗಳ ನಡುವೆ ಮಾತು ನಿಂತಿರುತ್ತದೆ. ಇಷ್ಟೆಲ್ಲ ಅನರ್ಥಕ್ಕೆ ಕಾರಣವಾದ ಬೇಲಿಯ ಬಗ್ಗೆ ಮಾತ್ರ ಯಾರೂ ಗಂಭೀರವಾಗಿ ಯೋಚಿಸುವುದಿಲ್ಲ. ಬೇಲಿ ಎಂಬುದು ಕೃಷಿಯ ಅಂಚಿನಲ್ಲಿರುವ ವಸ್ತು. ಹಾಗಾಗಿ ಚರ್ಚೆಯ ಅಂಚಿನಲ್ಲಿಯೂ ಅದು ಉಳಿದುಬಿಟ್ಟಿದೆ.

ಬೇಲಿ ವಾಲಿದಾಗ ರೈತನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಮೊದಲನೆಯದು, ಕತ್ತಿ ಹಿಡಿದು ಬೆಟ್ಟಕ್ಕೆ ಹೋಗಿ ಕೈಗೆ ಸಿಕ್ಕ ಎಳೆಯ ಮರಗಳನ್ನು ಕಡಿದು ಹೊತ್ತು ತರುವುದು. ಎರಡನೆಯದು, ಸಾಲ ಮಾಡಿ ಸಿಮೆಂಟ್ ಕಂಬ, ಮುಳ್ಳುತಂತಿ ತಂದು ಸುತ್ತ ಬಿಗಿಯುವುದು. ಮೊದಲನೆಯದಕ್ಕೆ ದುಡ್ಡು ಬೇಡ, ಆದರೆ ಕಾಡು ಬೆಲೆ ತೆರುತ್ತದೆ. ಎರಡನೆಯದು ಕಾಡನ್ನು ಉಳಿಸಿದಂತೆ ತೋರುತ್ತದೆ, ಆದರೆ ಒಂದೆರಡು ಎಕರೆಯ ಸಣ್ಣ ಹಿಡುವಳಿದಾರನ ಕೈಗೆ ಅದು ಎಟುಕುವುದಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಹೊಸದೇನಲ್ಲ, ಹಿರಿಯರು ನಡೆದು ಸವೆಸಿದ, ಈಚೆಗೆ ಕಳೆ ಬೆಳೆದು ಮುಚ್ಚಿಹೋದ ದಾರಿ. ವಾಲಿದ ಬೇಲಿಯನ್ನು ಕಿತ್ತೆಸೆಯದೆ ಇನ್ನೆರಡು ವರ್ಷ ನಿಲ್ಲುವಷ್ಟಕ್ಕೆ ಮಾತ್ರ ದುರಸ್ತಿ ಮಾಡುವುದು, ಆ ಎರಡು ವರ್ಷದಲ್ಲಿ ಅದರ ಮರೆಯಲ್ಲಿಯೇ ಬೇರು ಬಿಡುವ ಬೇಲಿಯೊಂದನ್ನು ಬೆಳೆಸಿಕೊಳ್ಳುವುದು.

ಗೂಟಗಳ ಲೆಕ್ಕ

ಈ ಮಾತಿನ ಮಹತ್ವ ತಿಳಿಯಬೇಕಾದರೆ ಒಂದು ಸರಳ ಲೆಕ್ಕ ಹಾಕಬೇಕು. ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ಒಂದು ಎಕರೆ ಎಂದರೆ 43,560 ಚದರ ಅಡಿ. ತೋಟ ಚೌಕಾಕಾರವಾಗಿದೆ ಎಂದಿಟ್ಟುಕೊಂಡರೆ ಒಂದು ಬದಿ ಸುಮಾರು 209 ಅಡಿ. ನಾಲ್ಕು ಬದಿ ಸೇರಿ ಸುಮಾರು 835 ಅಡಿ. ಆರಡಿಗೊಂದರಂತೆ ಗೂಟ ನೆಟ್ಟರೂ 140 ಗೂಟಗಳು ಬೇಕು. ಮಲೆನಾಡಿನ ತೋಟಗಳು ಚೌಕವಾಗಿರುವುದು ಅಪರೂಪ. ಕಣಿವೆಯ ಉದ್ದಕ್ಕೆ ಹಾವಿನಂತೆ ಹರಿದ ತೋಟಕ್ಕೆ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಎಳೆಯ ಮರದ ಗೂಟ ಎರಡು ವರ್ಷ ಬಾಳುತ್ತದೆ ಎಂದು ಹಿಡಿದರೆ ಪ್ರತಿವರ್ಷ 70 ಗೂಟ ಬದಲಿಸಬೇಕು. ಅಂತಹ ಐವತ್ತು ತೋಟಗಳಿರುವ ಒಂದು ಹಳ್ಳಿ ಬೇಲಿಗಾಗಿ ಮಾತ್ರವೇ ವರ್ಷಕ್ಕೆ 3,500 ಎಳೆಯ ಮರಗಳನ್ನು ಕಡಿಯುತ್ತದೆ.

ಈ 3,500 ಎಂತಹ ಮರಗಳು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಬೇಲಿಗೂಟಕ್ಕೆ ಯಾರೂ ದೊಡ್ಡ ಮರ ಕಡಿಯುವುದಿಲ್ಲ. ನೆಟ್ಟಗೆ ಬೆಳೆದ, ಮಣಿಕಟ್ಟಿನಿಂದ ತೋಳಿನಷ್ಟು ದಪ್ಪದ ಸಸಿಗಳೇ ಆಯ್ಕೆಯಾಗುತ್ತವೆ. ಮತ್ತಿ, ನಂದಿ, ಹೊನ್ನೆಯಂತಹ ಮರಗಳ ಮುಂದಿನ ಪೀಳಿಗೆ ಅದು. ದೊಡ್ಡ ಮರಗಳು ನಿಂತೇ ಇರುವುದರಿಂದ ಬೆಟ್ಟ ದೂರದಿಂದ ಹಸಿರಾಗಿಯೇ ಕಾಣುತ್ತದೆ. ಆದರೆ ಒಳಹೊಕ್ಕು ನೋಡಿದರೆ ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿಲ್ಲ. ಅಜ್ಜ ಬಿದ್ದ ದಿನ ಬೆಟ್ಟ ಬಯಲಾಗುತ್ತದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲಿಯೇ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ದೊರೆತದ್ದು ತೋಟಕ್ಕೆ ಸೊಪ್ಪು, ದರಗು ನಿರಂತರವಾಗಿ ಸಿಗಲಿ ಎಂದು. ಸೊಪ್ಪು ಕೊಡಬೇಕಾದ ಗಿಡವನ್ನೇ ಗೂಟ ಮಾಡಿದರೆ ತೋಟಕ್ಕೆ ಹಾಕಲು ಉಳಿಯುವುದೇನು? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಹೊಲದ ಬದಲು ಬೆಟ್ಟವನ್ನು ಮೇಯುತ್ತಿದೆ ಎಂಬುದಷ್ಟೇ ವ್ಯತ್ಯಾಸ.

ವಿಪರ್ಯಾಸವೆಂದರೆ ಇಷ್ಟು ಬೆಲೆ ತೆತ್ತು ತಂದ ಗೂಟ ಬಾಳಿಕೆಯದ್ದೂ ಅಲ್ಲ. ಮರದ ನಡುವಣ ಗಟ್ಟಿ ಭಾಗವಾದ ಚೇಗು ಮಾತ್ರ ಕೊಳೆಯುವಿಕೆಯನ್ನು ತಡೆಯಬಲ್ಲದು. ಎಳೆಯ ಮರದಲ್ಲಿ ಚೇಗು ಇನ್ನೂ ಕೂಡಿರುವುದಿಲ್ಲ. ಆದ್ದರಿಂದ ನೂರು ವರ್ಷ ಬಾಳುವ ಜಾತಿಯ ಮರವಾದರೂ ಎಳೆಯದರಲ್ಲಿ ಕಡಿದರೆ ಎರಡು ಮಳೆಗಾಲಕ್ಕೆ ಮಣ್ಣಾಗುತ್ತದೆ. ಬಿದಿರಿನ ಕಥೆಯೂ ಹೀಗೆಯೇ. ಸೂರಿನಡಿ ಒಣಗಿ ನಿಂತ ಬಿದಿರು ಹಲವು ವರ್ಷ ಇರುತ್ತದೆ. ಸಂಸ್ಕರಿಸದೆ ಮಣ್ಣಿನಲ್ಲಿ ನೆಟ್ಟರೆ ಒಂದರಿಂದ ಮೂರು ವರ್ಷವಷ್ಟೇ ಅದರ ಆಯುಷ್ಯ.

ಬೇಲಿ ಏಕೆ ವಾಲುತ್ತದೆ?

ರೋಗ ತಿಳಿಯದೆ ಮದ್ದು ಮಾಡಬಾರದು. ಬೇಲಿ ವಾಲುವುದಕ್ಕೆ ಗಾಳಿಯನ್ನು ದೂರುವುದು ರೂಢಿ. ಗಾಳಿ ನೆಪ ಮಾತ್ರ, ಕಾರಣಗಳು ನೆಲದಲ್ಲಿವೆ.

ಮೊದಲನೆಯ ಕಾರಣ ಕೊಳೆತ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ನೀರೂ ಬೇಕು, ಗಾಳಿಯೂ ಬೇಕು. ಗೂಟದ ಮೇಲ್ಭಾಗದಲ್ಲಿ ಗಾಳಿಯಿದೆ, ಆದರೆ ಬಿಸಿಲು ಬಂದೊಡನೆ ಅದು ಒಣಗುತ್ತದೆ. ತೀರ ಆಳದಲ್ಲಿ ನೀರಿದೆ, ಗಾಳಿ ಕಡಿಮೆ. ಎರಡೂ ಕೂಡುವುದು ನೆಲಮಟ್ಟದಲ್ಲಿ, ಮೇಲಕ್ಕೂ ಕೆಳಕ್ಕೂ ಒಂದು ಗೇಣಿನೊಳಗೆ. ಗೂಟ ಮುರಿಯುವುದೂ ಅಲ್ಲಿಯೇ. ಒರಲೆ ಹತ್ತುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಹೀಗಾಗಿ ಮುರಿದ ಆರಡಿ ಗೂಟದಲ್ಲಿ ಕೆಟ್ಟಿರುವುದು ಒಂದು ಗೇಣು ಮಾತ್ರ, ಮಿಕ್ಕದ್ದು ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ ಎಂಬುದನ್ನು ನೆನಪಿಡಬೇಕು.

ಎರಡನೆಯದು ಮಣ್ಣು. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟಿಲ್ಲದ ಕಡೆಯೂ ಜುಲೈ ಹೊತ್ತಿಗೆ ನೆಲ ನೀರು ಕುಡಿದು ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತೆ ಗೂಟವನ್ನು ಹಿಡಿದಿದ್ದ ಮಣ್ಣು ಮಳೆಗಾಲದಲ್ಲಿ ಕೆಸರಾಗಿ ಕೈಬಿಡುತ್ತದೆ. ಒಂದಡಿಗಿಂತ ಕಡಿಮೆ ಆಳಕ್ಕೆ ನೆಟ್ಟ ಗೂಟ ಗಟ್ಟಿಯಾಗಿದ್ದರೂ ಮಗುಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮೇಲಿನಿಂದ ಇಳಿದ ನೀರು ಬೇಲಿಯ ಬುಡದಲ್ಲಿ ನಿಂತು ಈ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತದೆ. ಬೇಲಿಗಳು ಬಹುಮಟ್ಟಿಗೆ ಇಳಿಜಾರಿನ ಕಡೆಗೇ ವಾಲುವುದನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ.

ಮೂರನೆಯದು ಮೂಲೆ. ಎಳೆದು ಕಟ್ಟಿದ ಬೇಲಿಯ ಸೆಳೆತವೆಲ್ಲ ಮೂಲೆಯ ಗೂಟದ ಮೇಲೆಯೂ ದಣಪೆಯ ಎರಡು ಕಂಬಗಳ ಮೇಲೆಯೂ ಬೀಳುತ್ತದೆ. ಮೂಲೆ ಸಡಿಲವಾದರೆ ನಡುವಿನ ಹತ್ತು ಗೂಟ ಸರಿಯಿದ್ದರೂ ಬೇಲಿ ನಿಲ್ಲದು. ನಾಲ್ಕನೆಯದು ಬಳ್ಳಿಯ ಭಾರ. ಬೇಲಿಯ ಮೇಲೆ ಹಬ್ಬಿದ ಕಾಡುಬಳ್ಳಿ ಬೇಸಿಗೆಯಲ್ಲಿ ಹಗುರ. ಮಳೆಯಲ್ಲಿ ನೆನೆದು ಗಾಳಿಗೆ ಸಿಕ್ಕಾಗ ಹಾಯಿಯಂತೆ ಬೇಲಿಯನ್ನು ಎಳೆದು ಕೆಡಹುತ್ತದೆ.

ಎರಡು ವರ್ಷದ ದುರಸ್ತಿ

ದುರಸ್ತಿಗೆ ಮೊದಲು ಪರೀಕ್ಷೆ. ಒಬ್ಬರು ಬೇಲಿಯ ಉದ್ದಕ್ಕೂ ನಡೆದು ಒಂದೊಂದೇ ಗೂಟವನ್ನು ಅಲ್ಲಾಡಿಸಿ ನೋಡಬೇಕು. ಬುಡದ ಮಣ್ಣನ್ನು ಅರ್ಧ ಅಡಿ ಬಿಡಿಸಿ ಕತ್ತಿಯ ತುದಿಯಿಂದ ಚುಚ್ಚಬೇಕು. ಕತ್ತಿ ಇಳಿಯದಿದ್ದರೆ ಗೂಟ ಸರಿಯಿದೆ, ತಪ್ಪು ಮಣ್ಣಿನದು. ಅಂಚಿನಲ್ಲಷ್ಟೇ ಇಳಿದು ನಡುವೆ ಗಟ್ಟಿಯಿದ್ದರೆ ಇನ್ನೊಂದೆರಡು ವರ್ಷ ಅದನ್ನು ನಡೆಸಬಹುದು. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಗೂಟದ ಬುಡ ಮುಗಿದಿದೆ. ಸುಣ್ಣದ ಬೊಟ್ಟಿಟ್ಟು ಮೂರನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡರೆ ಎಷ್ಟು ಗೂಟ ನಿಜವಾಗಿ ಬೇಕು ಎಂಬುದು ಸ್ಪಷ್ಟವಾಗುತ್ತದೆ. ಇಡೀ ಬೇಲಿ ಹೋಯಿತೆಂದು ಕಂಡಿದ್ದ ಕಡೆ ಬಹಳ ಗೂಟಗಳು ಮೊದಲೆರಡು ಗುಂಪಿಗೆ ಸೇರುವುದುಂಟು.

ಮೊದಲ ಗುಂಪಿನ ಗೂಟವನ್ನು ಕೀಳುವ ಅಗತ್ಯವಿಲ್ಲ. ವಾಲಿದ ಕಡೆಯ ವಿರುದ್ಧ ದಿಕ್ಕಿನ ಮಣ್ಣನ್ನು ಒಂದೂವರೆ ಅಡಿ ಆಳಕ್ಕೆ ತೆಗೆದು, ಗೂಟವನ್ನು ನೆಟ್ಟಗೆ ಎಳೆದು ಹಿಡಿದು, ಎರಡೂ ಮಗ್ಗುಲಿಗೆ ಜಂಬಿಟ್ಟಿಗೆಯ ಚೂರು ಅಥವಾ ಹಳ್ಳದ ಕಲ್ಲು ತುಂಬಬೇಕು. ಒಂದು ಗೇಣು ತುಂಬಿದೊಡನೆ ಹಾರೆಯ ಹಿಂತುದಿಯಿಂದ ಬಲವಾಗಿ ಜಡಿದು, ಮತ್ತೆ ಒಂದು ಗೇಣು ತುಂಬಬೇಕು. ಒಮ್ಮೆಲೇ ಹೊಂಡ ತುಂಬಿ ಮೇಲಷ್ಟೇ ತುಳಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಕೊನೆಗೆ ಬುಡಕ್ಕೆ ಮಣ್ಣು ಏರಿಸಿ, ಮಳೆನೀರು ಗೂಟದಿಂದ ಆಚೆಗೆ ಹರಿಯುವಂತೆ ಮಾಡಬೇಕು. ಮರದ ಗೂಟದ ಸುತ್ತ ಸಿಮೆಂಟ್ ಸುರಿಯುವುದು ಈಚಿನ ರೂಢಿ. ಮರ ಒಣಗಿ ಕುಗ್ಗಿದಾಗ ಅದಕ್ಕೂ ಸಿಮೆಂಟಿಗೂ ನಡುವೆ ಸಂದು ಬಿಟ್ಟು, ಅದರೊಳಗೆ ಇಳಿದ ನೀರು ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ. ದುಡ್ಡು ಕೊಟ್ಟು ಕೊಳೆತವನ್ನು ಕೊಂಡಂತೆ ಅದು. ಕಲ್ಲುಚೂರು ಗೂಟವನ್ನು ಹಿಡಿಯುತ್ತದೆ, ನೀರನ್ನು ಬಿಡುತ್ತದೆ.

ಎರಡನೆಯ ಗುಂಪಿನ ಗೂಟಕ್ಕೆ ಒಂದು ಒತ್ತುಗೂಟ ಸಾಕು. ಮೂರಡಿ ಉದ್ದದ ಗಟ್ಟಿ ತುಂಡೊಂದನ್ನು ಹಳೆಯ ಗೂಟಕ್ಕೆ ಒತ್ತಿದಂತೆ ಒಂದೂವರೆ ಅಡಿ ನೆಲಕ್ಕೆ ಬಡಿದು, ಮೇಲೆ ಎರಡು ಕಡೆ ಬಿಗಿಯಾಗಿ ಕಟ್ಟಬೇಕು. ಭಾರ ಹೊಸ ತುಂಡಿಗೆ ವರ್ಗವಾಗುತ್ತದೆ, ಹಳೆಯ ಗೂಟದ ಎತ್ತರ ಹಾಗೆಯೇ ಉಳಿಯುತ್ತದೆ. ಇಂತಹ ತುಂಡುಗಳಿಗೆ ಬೆಟ್ಟಕ್ಕೆ ಹೋಗಬೇಕಿಲ್ಲ. ಮೂರನೆಯ ಗುಂಪಿನ, ಬುಡ ಮಾತ್ರ ಕೊಳೆತ ಗೂಟಗಳ ಮೇಲಿನ ಭಾಗವೇ ಒತ್ತುಗೂಟವಾಗುತ್ತದೆ. ಗಾಳಿಗೆ ಬಿದ್ದ ಅಡಿಕೆ ಮರದ ದಬ್ಬೆ ಅಡ್ಡಪಟ್ಟಿಗೆ ಒದಗುತ್ತದೆ. ಕಟ್ಟಲು ಕತ್ತದ ಹಗ್ಗವಿದೆ. ಮೂಲೆಗಳಿಗೂ ದಣಪೆಯ ಕಂಬಗಳಿಗೂ ಮಾತ್ರ ಸ್ವಲ್ಪ ಹೆಚ್ಚಿನ ಶ್ರಮ ಹಾಕಿ, ಅವು ವಾಲುವ ಕಡೆಯಿಂದ ಓರೆಯಾಗಿ ಒಂದು ಊರುಗೋಲು ಕೊಟ್ಟು, ಅದರ ಬುಡಕ್ಕೆ ಚಪ್ಪಟೆ ಕಲ್ಲಿಡಬೇಕು. ಇಳಿಜಾರಿನಲ್ಲಿ ಬೇಲಿಯ ಮೇಲ್ಬದಿಗೆ ಒಂದು ಸಣ್ಣ ಅಗಳು ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿದರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ.

ಗೂಟದ ಬುಡಕ್ಕೆ ವಾಹನಗಳ ಸುಟ್ಟ ಆಯಿಲ್ ಬಳಿಯುವ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅದು ಮರದ ಒಳಕ್ಕೆ ಹೆಚ್ಚು ಇಳಿಯುವುದಿಲ್ಲ. ಅದರಲ್ಲಿರುವ ಭಾರಲೋಹಗಳೂ ಇತರ ವಿಷವಸ್ತುಗಳೂ ಮಳೆನೀರಿನೊಂದಿಗೆ ಮಣ್ಣಿಗೆ, ಅಲ್ಲಿಂದ ಬಾವಿಗೆ ಸೇರುವ ಅಪಾಯವಿದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಸಂಸ್ಕರಣೆ ಮನೆಯೊಳಗಿನ ಬಿದಿರಿಗೆ ಒಳ್ಳೆಯದು. ಆದರೆ ನೀರಿನಲ್ಲಿ ಕರಗುವ ಆ ಲವಣಗಳು ಮಣ್ಣಿನಲ್ಲಿ ನೆಟ್ಟ ಗೂಟದಿಂದ ತೊಳೆದುಹೋಗುತ್ತವೆ. ಬಿದಿರನ್ನು ಬಳಸಲೇಬೇಕಾದರೆ ಮೂರು ವರ್ಷಕ್ಕೆ ಮೇಲ್ಪಟ್ಟ ಬಲಿತ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಿ ಒಣಗಿಸುವ ಹಿರಿಯರ ಕ್ರಮವೇ ಲೇಸು. ಒಳಗಿನ ಪಿಷ್ಟ ಕಡಿಮೆಯಾದಷ್ಟೂ ಕುಟ್ಟೆಹುಳುವಿನ ಕಾಟ ಕಡಿಮೆ. ಸ್ವಂತ ಜಮೀನಿನ ಅಂಚಿನಲ್ಲಿ ಬಿದಿರು ಬೆಳೆಸುವುದಕ್ಕೆ ಹಿಂದೆ ಇದ್ದ ಅಳುಕೂ ಈಗ ಬೇಕಿಲ್ಲ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿಯು ಭಾರತೀಯ ಅರಣ್ಯ ಕಾಯಿದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಬೇರು ಬಿಡುವ ಗೂಟ

ಇಷ್ಟು ಮಾಡಿದರೆ ಹಳೆಯ ಬೇಲಿ ಎರಡು ಮಳೆಗಾಲ ನಿಲ್ಲುತ್ತದೆ. ಅಲ್ಲಿಗೆ ನಿಂತರೆ ಮೂರನೆಯ ವರ್ಷ ಮತ್ತೆ ಬೆಟ್ಟವೇ ಗತಿ. ಆದ್ದರಿಂದ ದುರಸ್ತಿಯ ದಿನವೇ ಎರಡನೆಯ ಕೆಲಸವನ್ನೂ ಆರಂಭಿಸಬೇಕು. ಮೂರನೆಯ ಗುಂಪಿನ, ಅಂದರೆ ಬದಲಿಸಲೇಬೇಕಾದ ಪ್ರತಿಯೊಂದು ಗೂಟದ ಜಾಗಕ್ಕೆ ಚಿಗುರುವ ಗೂಟವನ್ನು ನೆಡಬೇಕು.

ಮಲೆನಾಡಿಗರಿಗೆ ಗೊಬ್ಬರದ ಗಿಡವೆಂದು ಪರಿಚಿತವಾಗಿರುವ ಗ್ಲಿರಿಸೀಡಿಯಾ ಇದಕ್ಕೆ ಅತ್ಯಂತ ಸುಲಭ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮೂಲದ ಈ ಗಿಡವನ್ನು ಅಲ್ಲಿಯ ರೈತರು ಬೇಲಿಗಾಗಿಯೇ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಒಂದು ವರ್ಷಕ್ಕಿಂತ ಹೆಚ್ಚು ಬಲಿತ, ಮಣಿಕಟ್ಟಿನಷ್ಟು ದಪ್ಪದ ಆರಡಿ ಕೊಂಬೆಯನ್ನು ಮೇಲೆ ನೀರು ನಿಲ್ಲದಂತೆ, ಕೆಳಗೆ ಬೇರಿಗೆ ಹೆಚ್ಚು ಜಾಗ ಸಿಗುವಂತೆ ಎರಡೂ ತುದಿಯಲ್ಲಿ ಓರೆಯಾಗಿ ಕಡಿಯಬೇಕು. ರೋಹಿಣಿ ಅಥವಾ ಮೃಗಶಿರಾ ಮಳೆ ಹಿಡಿದೊಡನೆ, ಹಾರೆಯಿಂದ ಮೊದಲೇ ತೂತು ಮಾಡಿಕೊಂಡು, ಒಂದರಿಂದ ಒಂದೂವರೆ ಅಡಿ ಆಳಕ್ಕೆ ಇಳಿಸಿ ಮಣ್ಣು ಜಡಿಯಬೇಕು. ಗೂಟವನ್ನೇ ನೆಲಕ್ಕೆ ಬಡಿದರೆ ತೊಗಟೆ ಸುಲಿದು ಬೇರು ಬರುವುದಿಲ್ಲ. ತಲೆಕೆಳಗಾಗಿ ನೆಡದಂತೆಯೂ ನೋಡಿಕೊಳ್ಳಬೇಕು. ಕಡಿದ ರಾಶಿಯಲ್ಲಿ ಈ ತಪ್ಪು ಬಹಳ ಸುಲಭ.

ಮುಖ್ಯವಾದ ಮಾತು ಇದು: ಮೊದಲ ವರ್ಷ ಈ ಗೂಟದ ಮೇಲೆ ಯಾವ ಭಾರವನ್ನೂ ಹೇರಬಾರದು. ಬೇಲಿಯನ್ನು ಅದಕ್ಕೆ ಕಟ್ಟುವುದಲ್ಲ, ಅದನ್ನು ಹಳೆಯ ಬೇಲಿಗೆ ಸಡಿಲವಾಗಿ ಕಟ್ಟಬೇಕು. ಗಾಳಿಗೆ ಗೂಟ ಅಲ್ಲಾಡಿದರೆ ಆಗಷ್ಟೇ ಮೂಡಿದ ಬೇರಿನ ಎಳೆಗಳು ಹರಿಯುತ್ತವೆ. ಚಿಗುರಿದ ಗೂಟಗಳೂ ಸೆಪ್ಟೆಂಬರಿನಲ್ಲಿ ಒಣಗುವುದಕ್ಕೆ ಇದು ಒಂದು ಕಾರಣ. ವಾಲಿದ ಹಳೆಯ ಬೇಲಿಗೆ ಇಲ್ಲಿ ಹೊಸ ಕೆಲಸ ಸಿಗುತ್ತದೆ. ಎಳೆಯ ಬೇಲಿಯನ್ನು ಕೈಹಿಡಿದು ನಿಲ್ಲಿಸುವ ಕೆಲಸ. ಎರಡನೆಯ ಮಳೆಗಾಲ ಕಳೆಯುವ ಹೊತ್ತಿಗೆ ಬೇರು ಊರಿದ ಗೂಟ ಭಾರ ಹೊರಲು ಸಿದ್ಧವಾಗುತ್ತದೆ. ಆಗ ಹಳೆಯದು ಮುರಿದುಬಿದ್ದರೂ ಚಿಂತೆಯಿಲ್ಲ, ಒಲೆಗೆ ಒದಗುತ್ತದೆ. ಜೀವಂತ ಗೂಟಕ್ಕೆ ಮೊಳೆ ಹೊಡೆಯಬಾರದು, ತಂತಿ ಬಿಗಿಯಬಾರದು. ಕಾಂಡ ದಪ್ಪವಾದಂತೆ ತಂತಿ ಅದರೊಳಗೆ ಹೂತು ಗಿಡವನ್ನು ಹಿಚುಕುತ್ತದೆ. ಕತ್ತದ ಹಗ್ಗದಲ್ಲಿ ಸಡಿಲವಾಗಿ ಕಟ್ಟಿ ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಿದರೆ ಸಾಕು.

ಈ ಬೇಲಿ ಖರ್ಚಿನ ಬಾಬತ್ತಲ್ಲ, ಆದಾಯದ ಬಾಬತ್ತು. ಗ್ಲಿರಿಸೀಡಿಯಾ ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಒಣ ತೂಕದ ಲೆಕ್ಕದಲ್ಲಿ ಅದರ ಸೊಪ್ಪಿನಲ್ಲಿ ಶೇಕಡಾ 3ರ ಆಸುಪಾಸು ಸಾರಜನಕವಿರುತ್ತದೆ. ಮಳೆಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಕಡಿಮೆಯಾದ ಮೇಲೆ ಒಮ್ಮೆ ಸವರಿದರೆ ಅಷ್ಟೂ ಸೊಪ್ಪು ಅಡಿಕೆ, ಬಾಳೆಯ ಬುಡಕ್ಕೆ ಸೇರುತ್ತದೆ. ಅಷ್ಟರಮಟ್ಟಿಗೆ ಬೆಟ್ಟದ ಮೇಲಿನ ಸೊಪ್ಪಿನ ಹೊರೆ ತಪ್ಪುತ್ತದೆ. ಮೇ ತಿಂಗಳ ಸವರಿಕೆಗೆ ಇನ್ನೊಂದು ಪ್ರಯೋಜನವೂ ಉಂಟು. ತಲೆ ಹಗುರವಾದ ಗಿಡಕ್ಕೆ ಜೂನ್ ಗಾಳಿಯ ಹೊಡೆತ ತಾಗುವುದಿಲ್ಲ. ನಿಯಮಿತವಾಗಿ ಸವರುವುದರಿಂದ ಹೂ, ಬೀಜ ಕಡಿಮೆಯಾಗಿ ಗಿಡ ತೋಟದಾಚೆಗೆ ಹಬ್ಬದೆ ಹತೋಟಿಯಲ್ಲಿರುತ್ತದೆ. ಎರಡು ವರ್ಷದ ಬಳಿಕ ಮುಂದಿನ ಬೇಲಿಗೆ ಬೇಕಾದ ಗೂಟಗಳೂ ಇದೇ ಬೇಲಿಯಲ್ಲಿ ಸಿಗುತ್ತವೆ. ಗೂಟವೇ ಗೂಟವನ್ನು ಹೆರುವ ಈ ವ್ಯವಸ್ಥೆಯನ್ನು ಯಾವ ಸಿಮೆಂಟ್ ಕಂಬವೂ ಮಾಡಿ ತೋರಿಸಲಾರದು.

ಆದರೆ ಒಂದೇ ಜಾತಿಯನ್ನು ನೆಚ್ಚಿ ಕೂರುವುದು ಅಪಾಯ. ಹಾಲುವಾಣದ ಕಥೆ ಈ ಪಾಠವನ್ನು ಕಲಿಸಿದೆ. ಕಾಳುಮೆಣಸಿನ ಆಸರೆಗೂ ಬೇಲಿಗೂ ತಲೆಮಾರುಗಳಿಂದ ಬಳಕೆಯಲ್ಲಿದ್ದ ಆ ಮರಕ್ಕೆ, 2004ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ಗುರುತಿಸಿ ಹೆಸರಿಟ್ಟ ಗಂಟುಕಣಜವೊಂದು ಮುಂದಿನ ವರ್ಷವೇ ಕೇರಳದಲ್ಲಿ ಕಾಣಿಸಿಕೊಂಡು, ಅಲ್ಲಿಂದ ಕರ್ನಾಟಕಕ್ಕೂ ಹಬ್ಬಿತು. ಎಲೆ, ಚಿಗುರುಗಳೆಲ್ಲ ಗಂಟುಗಟ್ಟಿ ಸಾಲುಸಾಲು ಮರಗಳು ಸೊರಗಿದವು. ಆದ್ದರಿಂದ ಬೇಲಿಯಲ್ಲಿ ಹಲವು ಜಾತಿಗಳಿರಲಿ. ಉಪ್ಪಿನಕಾಯಿಗೊದಗುವ ಅಮಟೆ, ಪಲ್ಯಕ್ಕೊದಗುವ ನುಗ್ಗೆ ಇವೆರಡೂ ದಪ್ಪ ಕೊಂಬೆಯಿಂದಲೇ ಚಿಗುರುತ್ತವೆ. ಗೂಟಗಳ ನಡುವಿನ ಸಂದಿಗೆ ದನಕರುಗಳು ಬಾಯಿಹಾಕದ ಲಕ್ಕಿ, ಆಡುಸೋಗೆ ನೆಡಬಹುದು. ಎರಡೂ ಮನೆಮದ್ದಿನ ಗಿಡಗಳೇ. ತೇವದ ಅಂಚಿಗೆ ಕೇದಿಗೆ, ಕಾಡಿನ ಬದಿಗೆ ಮುಳ್ಳಿನ ಗಜ್ಜುಗ, ಸೀಗೆ ಹೊಂದುತ್ತವೆ. ಲಂಟಾನವನ್ನು ಮಾತ್ರ ಹತ್ತಿರ ಬಿಡಬಾರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂಗಿಡವೆಂದು ಈ ದೇಶಕ್ಕೆ ಬಂದು, ಮುಂದೆ ಬೇಲಿಗೂ ಬಳಕೆಯಾದ ಅದು ಬೇಲಿ ಹಾರಿ ಕಾಡನ್ನೇ ಆಕ್ರಮಿಸಿದ ಪರಿ ಎಲ್ಲರ ಕಣ್ಣೆದುರಿಗಿದೆ. ತಿಂದ ದನಗಳಿಗೂ ಅದು ವಿಷ.

ಬೇಲಿಯ ಮಿತಿ

ಜೀವಂತ ಬೇಲಿ ಎಲ್ಲ ರೋಗಕ್ಕೂ ಮದ್ದು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ದನಕರುಗಳನ್ನು ಅದು ತಡೆಯುತ್ತದೆ. ಬುಡ ದಟ್ಟವಾಗಿದ್ದರೆ ಹಂದಿಗೂ ಒಳನುಗ್ಗುವುದು ಕಷ್ಟವಾಗುತ್ತದೆ. ಮಂಗಗಳಿಗೆ ಅದು ಏಣಿಯಷ್ಟೇ. ಕಾಟಿಗೆ, ಆನೆಗೆ ಅದು ಲೆಕ್ಕಕ್ಕಿಲ್ಲ. ಅಂತಹ ಕಡೆ ಸೌರ ಬೇಲಿ ಅನಿವಾರ್ಯವಾಗಬಹುದು. ಸೆಕೆಂಡಿಗೆ ಸುಮಾರು ಒಂದು ಬಾರಿ, ಕ್ಷಣಾರ್ಧದಷ್ಟೇ ಮಿಡಿಯುವ ಅದರ ವಿದ್ಯುತ್ತು ಹೆದರಿಸುತ್ತದೆ, ಸರಿಯಾಗಿ ಅಳವಡಿಸಿದರೆ ಕೊಲ್ಲುವುದಿಲ್ಲ. ಆದರೆ ಅದೂ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಕಂಬ ವಾಲಿ ತಂತಿ ಜೋತುಬಿದ್ದು ಹುಲ್ಲಿಗೆ ತಾಗಿದೊಡನೆ ವಿದ್ಯುತ್ತು ನೆಲಕ್ಕಿಳಿದು ಬೇಲಿ ನಿಷ್ಫಲವಾಗುತ್ತದೆ. ವಾಲಿದ ಕಂಬವನ್ನು ನೆಟ್ಟಗೆ ಮಾಡುವ ವಿದ್ಯೆ ಅಲ್ಲಿಯೂ ಬೇಕೇ ಬೇಕು.

ಹೊಟ್ಟೆಯ ಸಂಕಟದಲ್ಲಿ ಮನೆಯ ವಿದ್ಯುತ್ತನ್ನೇ ನೇರವಾಗಿ ತಂತಿಬೇಲಿಗೆ ಕೊಡುವ ಕೃತ್ಯ ಮಾತ್ರ ಯಾವ ಕಾರಣಕ್ಕೂ ಕ್ಷಮ್ಯವಲ್ಲ. ಅದು ಆನೆಯನ್ನೂ ಕೊಲ್ಲುತ್ತದೆ, ಕತ್ತಲೆಯಲ್ಲಿ ಕರು ಹುಡುಕಿ ಬಂದ ನೆರೆಮನೆಯವನನ್ನೂ ಕೊಲ್ಲುತ್ತದೆ. 2003ರ ವಿದ್ಯುತ್ ಕಾಯಿದೆಯಡಿ ವಿದ್ಯುತ್ ಕಳವಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ. ವನ್ಯಜೀವಿ ಸತ್ತರೆ 1972ರ ವನ್ಯಜೀವಿ ಕಾಯಿದೆಯೂ ಎದುರಾಗುತ್ತದೆ. ಬೇಲಿಯ ಬುಡಕ್ಕೆ ನೈಲಾನ್ ಬಲೆ ಕಟ್ಟುವವರೂ ಯೋಚಿಸಬೇಕು. ಅದರಲ್ಲಿ ಸಿಕ್ಕಿ ಸಾಯುವ ಕೇರೆಹಾವು ತೋಟದ ಇಲಿಗಳನ್ನು ತಿನ್ನುತ್ತಿದ್ದ ಹಾವೇ ಆಗಿರುತ್ತದೆ. ಹಂದಿಗೆ ಹೆದರಿಸಲು ಹಳೆಯ ಸೀರೆ ಕಟ್ಟುವ ಮಲೆನಾಡಿನ ತಾಯಂದಿರ ಉಪಾಯ ಪೂರ್ಣ ರಕ್ಷಣೆ ಕೊಡದಿದ್ದರೂ ಯಾರ ಜೀವಕ್ಕೂ ಎರವಾಗುವುದಿಲ್ಲ.

ಜರುಗುವ ಬೇಲಿ

ವಾಲಿದ ಬೇಲಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಹೇಳದೆ ಬಿಡುವುದು ಅಪ್ರಾಮಾಣಿಕತೆಯಾಗುತ್ತದೆ. ಬೇಲಿ ದುರಸ್ತಿಯಾದಾಗಲೆಲ್ಲ ಅದು ಇದ್ದಲ್ಲಿಯೇ ನಿಲ್ಲುತ್ತದೆಯೆ? ಹಳೆಯ ಹೊಂಡದಲ್ಲಿ ಕಲ್ಲಿದೆ ಎಂಬ ನೆಪದಲ್ಲಿ ಹೊಸ ಗೂಟ ಒಂದು ಮೊಳ ಆಚೆಗೆ ಹೋಗುತ್ತದೆ. ಮುಂದಿನ ದುರಸ್ತಿಯಲ್ಲಿ ಇನ್ನೊಂದು ಮೊಳ. ಹತ್ತು ವರ್ಷದಲ್ಲಿ ಹಳ್ಳದ ದಂಡೆ, ಗೋಮಾಳದ ಅಂಚು, ಬೆಟ್ಟದ ಕಾಲುದಾರಿ ತೋಟದೊಳಗೆ ಸೇರಿರುತ್ತವೆ. ದೊಡ್ಡವರ ಒತ್ತುವರಿಯನ್ನು ಖಂಡಿಸುವ ನಾಲಗೆ ಈ ಮೊಳದ ಒತ್ತುವರಿಯ ಬಗ್ಗೆ ಮೌನವಾಗಿರುವುದು ಸರಿಯಲ್ಲ. ಎರಡು ವರ್ಷಕ್ಕೊಮ್ಮೆ ಕಿತ್ತು ನೆಡುವ ಒಣಗೂಟಕ್ಕೆ ಜರುಗುವ ಅವಕಾಶ ಹೆಚ್ಚು. ಬೇರು ಬಿಟ್ಟ ಗೂಟ ಜರುಗುವುದಿಲ್ಲ. ನೆರೆಹೊರೆಯವರಿಬ್ಬರೂ ನಿಂತು ಗಡಿ ಒಪ್ಪಿಕೊಂಡು ಒಮ್ಮೆ ನೆಟ್ಟರೆ ಮಕ್ಕಳ ಕಾಲಕ್ಕೂ ಸಾಕ್ಷಿಯಾಗಿ ನಿಲ್ಲುತ್ತದೆ. ಅದೇ ಕಾರಣಕ್ಕೆ ಅದನ್ನು ಸರಿಯಾದ ಗಡಿಯಲ್ಲಿಯೇ ನೆಡುವ ಪ್ರಾಮಾಣಿಕತೆ ಮೊದಲು ಬೇಕು.

ಹಿಂದೆ ಮಳೆಗಾಲಕ್ಕೆ ಮುನ್ನ ಮುಯ್ಯಾಳಿನಲ್ಲಿ ಬೇಲಿ ಕಟ್ಟುವ ಕ್ರಮವಿತ್ತು. ಇಂದು ನನ್ನ ಬೇಲಿಗೆ ನೀನು, ನಾಳೆ ನಿನ್ನ ಬೇಲಿಗೆ ನಾನು ಎಂಬ ಲೆಕ್ಕ. ಕೂಲಿಗೆ ಆಳು ಸಿಗದ ಈ ದಿನಗಳಲ್ಲಿ ಆ ಕ್ರಮವನ್ನು ಮತ್ತೆ ಹಿಡಿಯುವುದು ಹಳೆಯದರ ಮೋಹವಲ್ಲ, ಸರಳ ವಿವೇಕ. ನಾಲ್ಕು ಮನೆಯವರು ಕೂಡಿದರೆ ಪರೀಕ್ಷಿಸಲು ಒಬ್ಬರು, ಹೊಂಡಕ್ಕೆ ಇಬ್ಬರು, ಕಟ್ಟಲು ಇಬ್ಬರು ಎಂಬಂತೆ ಕೆಲಸ ಸಾಗುತ್ತದೆ. ಗೊಬ್ಬರದ ಗಿಡ ಇದ್ದ ಮನೆಯಿಂದ ಇಲ್ಲದ ಮನೆಗೆ ಕೊಂಬೆ ಹೋಗುತ್ತದೆ. ದುಡ್ಡು ಮನೆಯಿಂದ ಹೊರಗೆ ಹೋಗುವುದು ಕತ್ತದ ಹಗ್ಗಕ್ಕೆ ಮಾತ್ರ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಬಳಿ ಹಳ್ಳಿಗರು ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರ ಎದುರಿಗಿದ್ದುದು ಗುತ್ತಿಗೆದಾರನ ಕೊಡಲಿ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತನ್ನು ಅಪ್ಪಿಕೋ ಚಳುವಳಿ ಮಲೆನಾಡಿಗೆ ಕೊಟ್ಟಿತು. ಹೊರಗಿನವರ ಕೊಡಲಿಯನ್ನು ತಡೆಯುವುದಕ್ಕೆ ಅಂದು ಧೈರ್ಯ ಬೇಕಾಗಿತ್ತು. ತಮ್ಮದೇ ಕತ್ತಿಯನ್ನು ತಡೆದುಕೊಳ್ಳುವುದಕ್ಕೆ ಇಂದು ಬೇಕಾಗಿರುವುದು ಲೆಕ್ಕ ಮತ್ತು ತಾಳ್ಮೆ. ಹಳೆಯ ಬೇಲಿಯನ್ನು ಉಳಿಸುವುದು, ಅದರ ಮರೆಯಲ್ಲಿ ಹೊಸದನ್ನು ಬೆಳೆಸುವುದು, ಬೆಳೆದದ್ದನ್ನು ಸೊಪ್ಪಾಗಿ, ಗೂಟವಾಗಿ ಬಳಸುವುದು: ಆ ಮೂರು ಮಾತೂ ಒಂದು ಬೇಲಿಯ ಸಾಲಿನಲ್ಲಿ ಕಾಣಿಸಿಕೊಳ್ಳಬಲ್ಲವು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಈ ರಜೆಯಲ್ಲಿ ತಮ್ಮ ಹಳ್ಳಿಯ ಹತ್ತು ತೋಟಗಳ ಬೇಲಿಯನ್ನು ಸುತ್ತಿ ಬರಲಿ. ಒಟ್ಟು ಗೂಟಗಳೆಷ್ಟು, ಒಣಗೂಟ ಎಷ್ಟು, ಚಿಗುರಿದ ಗೂಟ ಎಷ್ಟು, ಒಣಗೂಟಗಳು ಯಾವ ಜಾತಿಯ ಮರದವು ಎಂದು ಬರೆದುಕೊಳ್ಳಲಿ. ಆ ಪಟ್ಟಿಯನ್ನು ಊರಿನ ಸಭೆಯಲ್ಲಿ ಓದಲಿ. ಬೆಟ್ಟದಲ್ಲಿ ಕಾಣದ ಎಳೆಯ ಮರಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಹಿರಿಯರಿಗೂ ಒಂದು ಕೆಲಸವಿದೆ. ಮುಂದಿನ ರೋಹಿಣಿ ಮಳೆಗೆ ಮುನ್ನ ಸುಣ್ಣದ ಡಬ್ಬಿ ಹಿಡಿದು ತಮ್ಮ ಬೇಲಿಯನ್ನು ಒಮ್ಮೆ ಸುತ್ತಿ ಬರಲಿ. ಈ ವರ್ಷ ಹತ್ತೇ ಗೂಟ ಚಿಗುರಿದರೂ ಬೆಟ್ಟದಲ್ಲಿ ಹತ್ತು ಮರ ಉಳಿದಂತೆಯೇ.